ಎಮ್ಮೆಯ ಮುಂದೆ ಕಲಿತ ಇಂಗ್ಲಿಷ್

ಇಂದು ಬೆಳಿಗ್ಗೆ ಮೊಮ್ಮಗಳು ಫೋನಿನಲ್ಲಿ ಯಾರಿಗೋ ‘ನೈಸ್ ಟಾಕಿಂಗ್ ಟು ಯು’ ಎಂದಳು. ನನ್ನ ಮೂಗಿಗೆ ಸಿಂದಗಿಯ ನಮ್ಮ ಮನೆಯ ಕೊಟ್ಟಿಗೆಯ ವಾಸನೆ ಬಂತು.

ಅಕ್ಕ ಆಗ ಮ್ಯಾಟ್ರಿಕ್‌ನಲ್ಲಿದ್ದಳು. ಮಾತು ಮುಗಿಸಿ ಏಳುವಾಗ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಮಾಸ್ತರರು ಕಲಿಸಿದ್ದರು. ಹಾಲು ಹಿಂಡಿದ ಮೇಲೆ ದಿನಾ ಎಮ್ಮೆಗೆ ಅದನ್ನೇ ಹೇಳಿ ಎದ್ದು ಬರುತ್ತಿದ್ದಳು.

ಇಂಡಿ ಕಡೆಯವರು ಕನ್ಯೆ ನೋಡಲು ಬಂದರು. ಅಕ್ಕನಿಗೆ ಇನ್ನೂ ಓದುವ ಆಸೆ. ಆದರೆ ಅಪ್ಪನ ಮುಂದೆ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಹಿರಿಯರು ‘ಏಳವ್ವ’ ಅನ್ನುವವರೆಗೆ ಹುಡುಗಿ ಜಮಖಾನೆ ಬಿಟ್ಟು ಏಳುವಂತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಹೇಳಿದರು, ಜಡೆ ಹಿಡಿದು ನೋಡಿದರು. ಕೊನೆಗೆ ವರನ ಸೋದರಮಾವ, ‘ನಮ್ಮ ಹುಡುಗ ಬಿ.ಎ. ಓದ್ಯಾನ. ಅವನ ಜೋಡಿ ಇಂಗ್ಲಿಷ್‌ನ್ಯಾಗ ಮಾತಾಡವ್ವ’ ಎಂದ.

ಅಕ್ಕ ಸೆರಗು ಸರಿಮಾಡಿಕೊಂಡು, ‘ಇಟ್ ವಾಸ್ ನೈಸ್ ಟಾಕಿಂಗ್ ಟು ಯು. ಪ್ಲೀಸ್ ಎಕ್ಸ್‌ಕ್ಯೂಸ್ ಮಿ’ ಎಂದು ಕೈಮುಗಿದು ಎದ್ದು ಒಳಗೆ ಬಂದಳು.

ಅಪ್ಪ ಹಿಗ್ಗಿಹೋದರು. ‘ಏನಂದಳ್ರಿ ನಮ್ಮ ಹುಡುಗಿ?’

ವರ ಚಹಾದ ಬಸಿ ಕೆಳಗಿಟ್ಟ. ‘ಮಾತು ಮುಗೀತಂತ್ರಿ. ಭಾಳ ಮರ್ಯಾದಿಲೆ ಹೇಳ್ಯಾರ.’

ಅವರು ಮತ್ತೆ ಬರಲಿಲ್ಲ. ಅಪ್ಪನಿಗೆ ಬೈಯಲು ಒಂದು ತಪ್ಪು ಮಾತೂ ಸಿಗಲಿಲ್ಲ. ಒಳಗೆ ಜೋಳದ ಚೀಲಕ್ಕೆ ಒರಗಿ ಅಕ್ಕ ಬಿಟ್ಟ ಆ ನಿರಾಳದ ಉಸಿರು ನನ್ನ ಕಿವಿಯಲ್ಲಿ ಇನ್ನೂ ಇದೆ. ಮರುವರ್ಷ ಅವಳು ಕಾಲೇಜು ಸೇರಿದಳು.

ಮೊಮ್ಮಗಳ ಮಾತು ಹೇಳೋಣವೆಂದು ಅಕ್ಕನಿಗೆ ಫೋನ್ ಹಚ್ಚಿದೆ. ತಾಸು ಕಳೆಯಿತು. ಮಾತು ಮುಗಿಸುವ ಆ ಇಂಗ್ಲಿಷ್ ನಮ್ಮಿಬ್ಬರಿಗೂ ಬಾಯಿಗೆ ಬರಲಿಲ್ಲ.