ಬೆರಳೆತ್ತು ಎಂದ ಹುಬ್ಬು

ಸನ್ನೆ ಮಾಡಿದಿರಾ ಎಂದು ಡಾಕ್ಟರು ಕೇಳಿದಾಗ ನಾನು ಹೌದು ಎನ್ನಲಿಲ್ಲ. ಹೌದು ಎಂದಿದ್ದರೆ ನನ್ನ ತಂಗಿ ಟೀಚರ್ ಆಗುತ್ತಿದ್ದಳೋ ಇಲ್ಲವೋ, ಹೇಳಲಾರೆ. ಕಾಲೇಜಿನ ಬಾಗಿಲ ತನಕವಾದರೂ ಹೋಗುತ್ತಿದ್ದಳು. ನಾನು ಇಲ್ಲ ಎಂದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೋಟೇಶ್ವರದ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ನಿಂತವನು. ಅಪ್ಪ ಇರಲಿಲ್ಲ. ಬಿಜೂರಿನ ಮನೆಯಲ್ಲಿ ಅಮ್ಮ, ನಾನು, ತಂಗಿ. ತಂಗಿಗೆ ಆರು ವರ್ಷವಿದ್ದಾಗ ಬಂದ ಜ್ವರ ಅವಳ ಕಿವಿ ತೆಗೆದುಕೊಂಡು ಹೋಯಿತು. ಪೂರ್ತಿ ಅಲ್ಲ, ಹತ್ತಿರದಲ್ಲಿ ಪಟಾಕಿ ಹೊಡೆದರೆ ತಿರುಗಿ ನೋಡುತ್ತಿದ್ದಳು. ಅಷ್ಟರಲ್ಲಿ ಮಾತು ಕಲಿತಾಗಿದ್ದರಿಂದ ಮಾತು ಉಳಿಯಿತು. ಬೇರೆಯವರು ಹೇಳುವುದನ್ನು ತುಟಿ ನೋಡಿ ಹಿಡಿಯುತ್ತಿದ್ದಳು.

"ಹೆಣ್ ಹುಡ್ಗಿ. ನಾಳೆ ಒಂದ್ ಮನಿ ಸೇರ್ಕಲೆ. ಊರಿಗೆಲ್ಲ ಗೊತ್ತಾಪ್ದ್ ಬ್ಯಾಡ" ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕಾಗಿ ನಾವಿಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದೆವು. ಯಾರಾದರೂ ಅವಳ ಬೆನ್ನ ಹಿಂದಿನಿಂದ ಮಾತಾಡಿಸಿದರೆ ನಾನು ಹುಬ್ಬು ಎತ್ತಬೇಕು. ಬಸ್ಸಿನಲ್ಲಿ ಕಂಡಕ್ಟರು ಹಿಂದೆ ಬಂದು ಟಿಕೆಟ್ ಎಂದರೆ ನನ್ನ ಹುಬ್ಬು ಏಳುತ್ತಿತ್ತು, ಅವಳು ದುಡ್ಡು ಚಾಚುತ್ತಿದ್ದಳು. ಮದುವೆ ಮನೆಯಲ್ಲಿ ಯಾರೋ ಅಜ್ಜಿ "ಯಾರ ಮಗಳಾ ಇವ್ಳ್?" ಎಂದರೆ ಹುಬ್ಬು ಏಳುತ್ತಿತ್ತು, ಅವಳು ತಿರುಗಿ ನಗುತ್ತಿದ್ದಳು. ನೆಂಟರಲ್ಲೇ ಎಷ್ಟೋ ಜನರಿಗೆ ವಿಷಯ ಗೊತ್ತಿರಲಿಲ್ಲ. ನನಗೆ ಅದೊಂದು ಹೆಮ್ಮೆ. ಜೀವನದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸವೆಂದರೆ ಅದೊಂದೇ.

ನಾನು ಮೀಸೆ ಬಿಟ್ಟಾಗ ಮಾತ್ರ ಅವಳು ಜಗಳ ತೆಗೆದಳು. "ಅಣ್ಣಾ, ಆ ಮೀಸಿ ತೆಗಿ. ನಿನ್ ಅರ್ಧ ಮಾತ್ ಅದ್ರೊಳ್ಗೇ ಹೋತ್ತ್."

"ಉಳ್ದ್ ಅರ್ಧ ಸಾಕ್ ನಿಂಗೆ" ಎಂದಿದ್ದೆ.

ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತು, ಗೆಳತಿಯರ ನೋಟ್ಸ್ ತಂದು ಬರೆದುಕೊಂಡು ಅವಳು ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಅವಳ ಮೇಡಂ ಒಬ್ಬರು, ಅಂಗವಿಕಲರಿಗೆ ಟೀಚರ್ ಟ್ರೈನಿಂಗ್ ಕಾಲೇಜಿನಲ್ಲಿ ಬೇರೆಯೇ ಸೀಟು ಇದೆ, ಕಿವಿಯ ಸರ್ಟಿಫಿಕೇಟ್ ಒಂದಿದ್ದರೆ ನಿನಗೆ ಸಿಕ್ಕೇ ಸಿಗುತ್ತದೆ ಎಂದರಂತೆ. ಉಳಿದ ಸೀಟಿಗೆ ಅವಳ ಮಾರ್ಕು ಸಾಲದು. ದುಡ್ಡು ಕೊಟ್ಟು ಸೇರುವುದು ನಮ್ಮಿಂದಾಗದು.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಕಿವಿ ಕೇಣದ್ ಟೀಚರ್ ಎಂತ ಪಾಠ ಮಾಡ್ತಳ್?"

"ಮಕ್ಳ್ ಎಷ್ಟ್ ಗಲಾಟಿ ಮಾಡ್ರೂ ನಂಗ್ ತಲಿನೋವ್ ಬಪ್ದಿಲ್ಲ, ಕಾಣ್" ಎಂದಳು ತಂಗಿ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬೇಡ ಎನ್ನಲಿಲ್ಲ.

ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಅಷ್ಟರೊಳಗೆ ಬ್ರಹ್ಮಾವರದಲ್ಲಿ ಒಂದು ಶಿಬಿರ ಇದೆ, ಡಾಕ್ಟರುಗಳು ಅಲ್ಲೇ ನೋಡಿ ಅಲ್ಲೇ ಬರೆದು ಕೊಡುತ್ತಾರೆ ಎಂದು ಗೊತ್ತಾಯಿತು. ಅಂಗಡಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಕುಂದಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಅವಳು ನನ್ನ ಕಡೆ ತಿರುಗಿ, "ಅಲ್ಲಿ ಎಂತ ಮಾಡ್ಕ್?" ಎಂದಳು.

"ಅವ್ರ್ ಹೇಳ್ದಂಗ್ ಮಾಡ್. ನಾ ಎದ್ರಿಗೇ ಇರ್ತೆ."

ಶಾಲೆಯೊಂದರ ಕೋಣೆ. ಕಾಲಿಲ್ಲದವರು, ಕಣ್ಣು ಕಾಣದವರು, ಅವರನ್ನು ಕರೆತಂದವರು ಜಗಲಿ ತುಂಬ ಕೂತಿದ್ದರು. ನಮ್ಮ ಸರದಿ ಬಂದಾಗ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಯಂತ್ರದ ಮುಂದೆ ಕೂತ ಹುಡುಗಿ, ಶಬ್ದ ಕೇಳಿದಾಗೆಲ್ಲ ಬೆರಳು ಎತ್ತಬೇಕು ಎಂದು ಮಾಡಿ ತೋರಿಸಿದಳು. ನನ್ನನ್ನು ಹೊರಗೆ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ನಾನು ಆ ಹುಡುಗಿಯ ಬೆನ್ನ ಹಿಂದೆ, ತಂಗಿಗೆ ಎದುರಾಗಿ ನಿಂತೆ. ಗುಂಡಿ ಒತ್ತಿದಾಗ ಯಂತ್ರದಲ್ಲಿ ಸಣ್ಣ ದೀಪ ಹೊತ್ತುವುದು ನನಗೆ ಕಾಣುತ್ತಿತ್ತು.

ದೀಪ ಹೊತ್ತಿತು. ತಂಗಿ ಸುಮ್ಮನೆ ಕೂತಿದ್ದಳು. ಮತ್ತೆ ಹೊತ್ತಿತು. ಸುಮ್ಮನೆ. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ಪಕ್ಕದವಳ ಹತ್ತಿರ, "ಪಾಪ, ಮಂಡೆಯೂ ಸಮ ಇಲ್ಯಾ ಕಾಣತ್" ಎಂದಳು. ನನಗೆ ನಾನು ಬೋರ್ಡಿನ ಎದುರು ಉತ್ತರ ಬಾರದೆ ನಿಂತದ್ದು, ಇಡೀ ಕ್ಲಾಸು ನಕ್ಕದ್ದು ನೆನಪಾಯಿತು. ನಾನು ಕಂಡ ಪರೀಕ್ಷೆಗಳಲ್ಲೆಲ್ಲ ಉತ್ತರ ಕೊಡದವರು ಫೇಲು. ಮುಂದಿನ ಸಲ ದೀಪ ಹೊತ್ತಿದಾಗ ನನ್ನ ಹುಬ್ಬು ಮೇಲೆ ಹೋಯಿತು.

ಆ ಮೊದಲ ಸಲ ಕೈ ಮೀರಿ ಆಯಿತು ಎಂದು ಹೇಳಿಕೊಳ್ಳಬಹುದು. ತಂಗಿ ನನ್ನನ್ನು ನೋಡಿ ಒಂದು ಗಳಿಗೆ ತಡೆದಳು. ಕೇಳದೆ ಎತ್ತುವುದೇ ಎಂದು ಅವಳ ಮುಖದಲ್ಲಿತ್ತು. ನಾನು ಪುನಃ ಹುಬ್ಬು ಎತ್ತಿದೆ. ಅಣ್ಣನಿಗೆ ಗೊತ್ತಿದ್ದೇ ಹೇಳುತ್ತಿರಬೇಕು ಎಂದುಕೊಂಡಿರಬೇಕು, ಬೆರಳು ಎತ್ತಿದಳು. ಆಮೇಲೆ ದೀಪ ಹೊತ್ತಿದಾಗೆಲ್ಲ ಎತ್ತಿದಳು. ಬಾಗಿಲಲ್ಲಿದ್ದ ಹೆಂಗಸು ಸುಮ್ಮನಾದಳು. ನಾನು ಎದೆ ಸೆಟೆಸಿ ನಿಂತೆ.

ಡಾಕ್ಟರು ಕಾಗದ ನೋಡಿ, "ಇಷ್ಟು ಕೇಳಿಸ್ತದಲ್ಲ. ಕಡಿಮೆ ಅಂದ್ರೆ ನಲವತ್ತು ಪರ್ಸೆಂಟ್ ದೋಷ ಇರ್ಬೇಕು. ಇವಳಿಗೆ ಅಷ್ಟು ಬರುದಿಲ್ಲ" ಎಂದರು. ಕೇಳಿಸಿದರೆ ಸೀಟಿಲ್ಲ ಎಂಬುದು ಆಗ ನನ್ನ ತಲೆಗೆ ಹೋಯಿತು. ಅವರು ನನ್ನ ಮುಖ ನೋಡಿದರು. "ನೀವೇನಾದ್ರೂ ಸನ್ನೆ ಮಾಡಿದ್ರಾ? ಮಾಡಿದ್ರೆ ಹೇಳಿ, ಇನ್ನೊಮ್ಮೆ ನೋಡುವ."

ಅವರು ಗದರಲಿಲ್ಲ. ಕೇಳಿದ್ದು ಮೆತ್ತಗೆ. ಆದರೆ ಅಷ್ಟು ಜನರ ಎದುರು ಮೋಸ ಮಾಡಿದವನಾಗುತ್ತೇನೆ ಎಂದು ನನಗೆ ಹೆದರಿಕೆಯಾಯಿತು. "ಇಲ್ಲ ಡಾಕ್ಟ್ರೇ" ಎಂದೆ. ಅವರು ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ಅಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. "ಎಂತ ಆಯ್ತ್?"

"ಎಂತ ಆಪ್ದ್? ಅವ್ಳೇ ಎಲ್ಲದ್ಕೂ ಬೆರಳ್ ಎತ್ತಿ ಬಂದಳ್" ಎಂದೆ.

ತಂಗಿ ಅಮ್ಮನ ಪಕ್ಕದಲ್ಲೇ ನಿಂತು ನನ್ನ ತುಟಿ ನೋಡುತ್ತಿದ್ದಳು. ಮೀಸೆಯೊಳಗೆ ಅರ್ಧ ಹೋಗಿದ್ದರೂ ಉಳಿದರ್ಧ ಸಾಕಿತ್ತು. ಅಮ್ಮ ಅವಳ ಕಡೆ ತಿರುಗಿ, "ಬುದ್ಧಿ ಬ್ಯಾಡ್ದಾ ನಿಂಗೆ? ಕಲ್ತದ್ದೆಲ್ಲ ಎಂತಕ್?" ಎಂದು ಬೈದಳು. ಅವಳು ನನ್ನತ್ತ ಬೆರಳು ತೋರಿಸಲಿಲ್ಲ. ಬಟ್ಟೆ ಬದಲಿಸಲು ಒಳಗೆ ಹೋದಳು.

ಕೊನೆಯ ದಿನ ಕಳೆಯಿತು. ಮರುವರ್ಷ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದಿತ್ತು. ಹೋದರೆ ಹಿಂದಿನ ಸಲ ಏನಾಯಿತು ಎಂದು ಕೇಳುತ್ತಾರೆ ಎಂದು ನಾನು ಸುಮ್ಮನಿದ್ದೆ. ಅವಳೂ ಹೋಗೋಣ ಎನ್ನಲಿಲ್ಲ. ಗೇರುಬೀಜದ ಕಾರ್ಖಾನೆಗೆ ಸೇರಿದಳು. ಮೊದಲ ದಿನ ಬಂದು, "ಮಿಷಿನ್ ಎಷ್ಟ್ ಗಲಾಟಿ ಮಾಡ್ರೂ ನಂಗ್ ತಲಿನೋವ್ ಇಲ್ಲ" ಎಂದಳು. ಈ ಸಲ ಯಾರೂ ನಗಲಿಲ್ಲ. ಬೀಜದ ಸೊನೆಗೆ ಅವಳ ಬೆರಳ ತುದಿ ಕಪ್ಪಾಗಿ ಸುಲಿಯಿತು. ಹುಬ್ಬು ಎತ್ತಲು ನಾನಿಲ್ಲದ ಕಾರ್ಖಾನೆಯಲ್ಲಿ, ಅಮ್ಮ ಅಷ್ಟು ಹೆದರಿ ಕಾಪಾಡಿದ ಗುಟ್ಟೂ ಉಳಿಯಲಿಲ್ಲ. ಹೆಣ್ಣು ನೋಡಲು ಬಂದವರು ಒಮ್ಮೆ ಬಂದು ಹೋದರು, ಅಷ್ಟೇ. ಅಮ್ಮ ಸಾಯುವ ತನಕ ಆ ಬೆರಳಿನ ಮಾತು ಎತ್ತಿ ಅವಳನ್ನು ಬೈದಳು. ನಾನು ಆಗಲೂ ಅಲ್ಲೇ ಇದ್ದೆ.

ಆ ವರ್ಷಗಳಲ್ಲಿ ತಪ್ಪಾಯಿತು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅವಳು ಪಾತ್ರೆ ತೊಳೆಯುವಾಗ, ತೆಂಗಿನಕಾಯಿ ತುರಿಯುವಾಗ. ಎಲ್ಲ ಅವಳ ಬೆನ್ನಿಗೆ.

ಕೆಲವು ವರ್ಷಗಳ ಹಿಂದೆ ನೆರೆಮನೆಯವಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿಗೂ ಕಿವಿ ಮಂದ, ಕಾಲೇಜಿಗೆ ಸರ್ಟಿಫಿಕೇಟ್ ಬೇಕು. "ಅಣ್ಣಾ, ನಿಮ್ಗ್ ಗೊತ್ತಿತ್ತಲ್ದಾ. ಒಂಚೂರ್ ಒಟ್ಟಿಗ್ ಬತ್ರ್ಯಾ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ತಂಗಿ, ಏರಿಳಿತವಿಲ್ಲದ ಅವಳ ದನಿಯಲ್ಲಿ ಹೇಳಿದಳು: "ಯಾರ್ ಬೇಕಾರೂ ಹೋಯ್ಲಿ. ಪರೀಕ್ಷಿ ಮಾಡುವಾಗ ಮನಿಯೋರ್ ಯಾರೂ ಎದ್ರಿಗ್ ನಿಲ್ಲುದ್ ಬ್ಯಾಡ." ಅವರು ಹೋದ ಮೇಲೆ ಏನೂ ಆಗದವಳಂತೆ ಒಲೆಯ ಕಡೆ ತಿರುಗಿದಳು.

ನಾನು ಎದ್ದು ಹೋಗಿ ಅವಳ ಭುಜ ಮುಟ್ಟಿದೆ. ತಿರುಗಿದಳು. ಎರಡು ಬೆರಳಿನಿಂದ ಮೀಸೆಯನ್ನು ತುಟಿಯ ಮೇಲಿನಿಂದ ಎತ್ತಿ ಹಿಡಿದುಕೊಂಡೆ.

"ಹುಬ್ಬ್ ಎತ್ತಿದ್ದ್ ನಾನ್. ಡಾಕ್ಟ್ರ್ ಕೇಂಡಾಗ ಇಲ್ಲ ಅಂದದ್ದ್ ನಾನ್. ಅಮ್ಮನ್ ಹತ್ರ ನಿನ್ ಮೇಲ್ ಹಾಕಿದ್ದೂ ನಾನೇ. ತಪ್ಪಾಯ್ತ್, ತಂಗೀ."