ಕೂಲಿ ಜೀಪು ಹತ್ತಿದ ಮೇಡಂ

ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಸೆರಗನ್ನು ಸದಾ ಸೊಂಟಕ್ಕೆ ಬಿಗಿದು ಸಿಕ್ಕಿಸಿರುತ್ತಿದ್ದರು, ಯಾರ ಮೇಲೋ ಜಗಳಕ್ಕೆ ಹೊರಟವರ ಹಾಗೆ. ಹುಣಸೂರಿನ ಕಾಲೇಜಿನಲ್ಲಿ ನಾವೆಲ್ಲ ಅವರಿಗೆ ಹೆದರುತ್ತಿದ್ದೆವು. ಪಾಠ ಮುಗಿಸಿ "ಪ್ರಶ್ನೆ ಏನೈತೆ?" ಅನ್ನುವರು. "ಇಲ್ಲ ಮೇಡಂ" ಅಂದಿರೋ, ಕೆಟ್ಟಿರಿ. "ಇಲ್ಲ ಅಂದ್ರೆ ಬುಡಲ್ಲ. ಎಲ್ಲಿ ತಪ್ಪೋಯ್ತು, ಅಷ್ಟು ಹೇಳು." ಬಾಯಿ ಬಿಟ್ಟರೆ ದಡ್ಡಿ ಅಂತ ಗೊತ್ತಾಗುತ್ತದಲ್ಲ, ನಾನು ಬರೀ ತಲೆಯಾಡಿಸಿಕೊಂಡೇ ಕಾಲ ತಳ್ಳಿದೆ.

ಕೊನೆಯ ವರ್ಷದ ಟೆಸ್ಟಿನಲ್ಲಿ ಮಕಾಡೆ ಮಲಗಿದೆ. ಮೇಡಂ ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಮರುಪರೀಕ್ಷೆ ಇಡಿಸಿದರು. ಅದೂ ಹೋದರೆ ವರ್ಷವೇ ಹೋದಂತೆ. ಪರೀಕ್ಷೆಯ ಬೆಳಿಗ್ಗೆ ನನಗೆ ಧೈರ್ಯವೇ ಬರಲಿಲ್ಲ. ಕೊಡಗಿಗೆ ಕಾಫಿ ಕುಯ್ಯಲು ಹೊರಟಿದ್ದ ಅವ್ವನ ಜೊತೆ ನಾನೂ ಕೂಲಿ ಜೀಪು ಹತ್ತಿದೆ.

ಇನ್ನೇನು ಹೊರಡಬೇಕು, ಮೇಡಂ ಸ್ಕೂಟರ್ ಅಡ್ಡ ನಿಲ್ಲಿಸಿದರು. ನಾನು ಜೀಪು ಹತ್ತಿದ್ದನ್ನು ಕಂಡ ನನ್ನ ಗೆಳತಿ ಅವರಿಗೆ ಫೋನ್ ಮಾಡಿ ಹೇಳಿದ್ದಳಂತೆ.

"ಇಳಿ."

"ನಾ ಬರಲ್ಲ ಮೇಡಂ."

"ಸರಿ, ಜರುಗು" ಎಂದವರೇ ಸ್ಕೂಟರನ್ನು ಬೇಲಿ ಪಕ್ಕಕ್ಕೆ ಹಾಕಿ, ಹತ್ತಿ ಕುಳಿತೇಬಿಟ್ಟರು!

"ಮೇಡಮ್ಮೋರೆ, ನೀವೆಲ್ಲಿಗೆ?" ಡ್ರೈವರ್ ಬೆಪ್ಪಾದ.

"ನೀನು ಓಡ್ಸಪ್ಪ."

ಜೀಪು ಪಿರಿಯಾಪಟ್ಟಣದ ಕಡೆಗೆ, ಕಾಲೇಜು ಹಿಂದೆ ಹಿಂದೆ.

"ಎಲ್ಲಿ ತಪ್ಪೋಯ್ತು?"

"ಸ್ಟ್ಯಾಂಡರ್ಡ್ ಡೀವಿಯೇಶನ್... ಮೊದಲಿಂದ್ಲೂ ಅರ್ಥ ಆಗಿಲ್ಲ ಮೇಡಂ." ಎಲ್ಲರೆದುರು ಗೊಳೋ ಎಂದು ಅತ್ತೆ.

ಅವರು ಅವ್ವನ ಕಡೆ ತಿರುಗಿ, ದಿನಕ್ಕೆಷ್ಟು ಹಣ್ಣು ಕುಯ್ತೀರಿ ಎಂದು ಕೇಳಿದರು.

"ಒಂದಿನ ಜಾಸ್ತಿ, ಒಂದಿನ ಕಮ್ಮಿ ಕಣ್ ಮೇಡಮ್ಮೋರೆ."

"ಕೇಳಿದ್ಯಾ? ಸರಾಸರಿ ಒಂದು ಕಡೆ ಇರ್ತದೆ. ದಿನದಿನದ ಕುಯ್ಲು ಅದರಿಂದ ಎಷ್ಟು ಆಚೀಚೆ ಹೋಯ್ತು ಅನ್ನೋದೇ ಈ ಲೆಕ್ಕ." ಜೀಪು ಕುಲುಕುತ್ತಿದ್ದಂತೆಯೇ ತಮ್ಮ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಬಿಡಿಸಿದರು. ಅಯ್ಯೋ, ಇಷ್ಟೇನಾ ಅನ್ನಿಸಿತು. ಆದರೂ ಪಿರಿಯಾಪಟ್ಟಣ ಬಂದಾಗ ನಾನು ಸೀಟು ಬಿಟ್ಟು ಏಳಲಿಲ್ಲ. ಅವ್ವನೇ ಕಿರುಚಿದಳು.

"ನಿಲ್ಸಲಾ ಗಾಡಿಯ! ಇಳಿಯೇ, ಮೇಡಮ್ಮೋರ್ನ ಕಾಫಿ ಕುಯ್ಯಾಕೆ ಕರ್ಕೊಂಡೋದೀಯಾ?"

ಬಸ್ಸು ಹಿಡಿದು ವಾಪಸು ಓಡಿದೆವು. ಬೆಲ್ ಹೊಡೆಯುವಾಗ ಗೇಟು ದಾಟಿದೆ, ಪಾಸಾದೆ. ಈಗ ಕೆ.ಆರ್. ನಗರದಲ್ಲಿ ನಾನೂ ಪಾಠ ಹೇಳುತ್ತೇನೆ, ಅದು ಅವರ ಭಿಕ್ಷೆ.

ಹೋದ ವರ್ಷ ಮೇಡಂ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಆಸ್ಪತ್ರೆಗೆ ಹೋಗಿದ್ದೆ. ಉಸಿರಿಗೂ ಕಷ್ಟಪಡುತ್ತಿದ್ದವರು "ಪ್ರಶ್ನೆ ಏನೈತೆ?" ಅಂದರು. ಈ ಸಲ ನಾನು ಇಲ್ಲ ಅನ್ನಲಿಲ್ಲ.

"ಅವತ್ತು ನಾನು ಇಳೀದೇ ಹೋಗಿದ್ರೆ, ಮೇಡಂ?"

"ನಿನ್ ಜೊತೆ ಕಾಫಿ ಕುಯ್ತಿದ್ದೆ ಕಣೇ. ಸಂಜೆಗಂಟ ಟೈಮಿತ್ತಲ್ಲ, ಇನ್ನೆರಡು ಪಾಠ ಮುಗೀತಿತ್ತು."