ಏಳು ಕುರಿ ಏಳುವಾಗ

ಸಮೀನಾಳನ್ನು ನಾನು ಮೊದಲು ಕಂಡದ್ದು ಮಹಾರಾಷ್ಟ್ರದ ಗಡಿಯ ನಮ್ಮ ಜತ್ತದ ಒಂದು ಡಿಟಿಪಿ ಅಂಗಡಿಯಲ್ಲಿ, ತೊಂಬತ್ತೇಳರ ಸುಮಾರಿಗೆ. ಮದುವೆ ಪತ್ರಿಕೆ, ಅಂಗಡಿ ಉದ್ಘಾಟನೆಯ ಕಾರ್ಡು, ನಡುನಡುವೆ ನಮ್ಮ ನೀರಿನ ಚಳವಳಿಯ ಕರಪತ್ರ, ಎಲ್ಲವನ್ನೂ ಅವಳೇ ಟೈಪು ಮಾಡುತ್ತಿದ್ದಳು. ಅಪ್ಪ ಗುಲಾಬ ಗಾದಿ ಹೊಲಿಯುವವ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಮೂರರಲ್ಲೂ ಹುಡುಗಿಯ ಬಾಯಿ ಒಂದೇ ಹರಿತ. ನಾನು ಕೊಟ್ಟ ಕರಪತ್ರ ಓದಿ ಕೀಬೋರ್ಡಿನ ಮೇಲಿನ ಕೈ ತೆಗೆದಳು.

"ಕಾಕಾ, ಇದರಾಗ ಎಲ್ಲಾ 'ಆಗಬೇಕು, ಆಗಬೇಕು' ಐತಿ. ಯಾರು ಮಾಡಬೇಕು ಅಂತ ಒಂದ್ ಕಡೆನೂ ಇಲ್ಲ."

"ಸರಕಾರ ಮಾಡಬೇಕು. ಮತ್ಯಾರು?"

"ಸರಕಾರ ಅಂದ್ರ ಯಾರ್ರಿ? ಒಬ್ಬರ ಹೆಸರ್ ಹೇಳ್ರಿ, ಒಂದ್ ಕೆಲಸ ಹೇಳ್ರಿ. ಇಲ್ಲಂದ್ರ ಯಾರೂ ಕುರ್ಚಿ ಬಿಟ್ಟು ಏಳೂದಿಲ್ಲ."

ಸಿಟ್ಟು ಬಂತು. ಲಾಠಿ ತಿಂದವರಿಗೆ ಈಕೆ ಚಳವಳಿ ಕಲಿಸುತ್ತಾಳಲ್ಲ ಅನ್ನಿಸಿತು. ಆದರೂ ತಿದ್ದಿದೆವು. ಆ ಸಲ ಸರಕಾರಿ ಕಚೇರಿಯಿಂದ ಉತ್ತರವಾದರೂ ಬಂತು. ನೀರು ಬರಲಿಲ್ಲ, ಅದು ಬೇರೆ ಮಾತು.

ಯಾರು, ಏನು, ಯಾವಾಗ ಮಾಡಬೇಕು ಎಂದು ಬಿಡಿಸಿ ಹೇಳುವುದೇ ಅವಳ ಹುಚ್ಚು. ಆ ಹುಚ್ಚಿಗೆ ತಕ್ಕ ವಿದ್ಯೆ ಕಂಪ್ಯೂಟರಿನಲ್ಲಿ ಸಿಕ್ಕಿತು. ಸಾಂಗ್ಲಿಗೆ ಬಸ್ಸಿನಲ್ಲಿ ಓಡಾಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಊರಿಗೆ ಬಂದು ಒಂದು ಕ್ಲಾಸಿನಲ್ಲಿ ಕಲಿಸಲು ಸೇರಿದಳು. ಅಲ್ಲಿ ಮಕ್ಕಳು ಕಂಪ್ಯೂಟರ್ ಎಂದರೇನು ಎಂಬುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಅದನ್ನು ಬಿಟ್ಟು ಹೊರಬಿದ್ದಳು.

ಅಷ್ಟೊತ್ತಿಗೆ ಜತ್ತದ ಪೇಟೆಯಲ್ಲಿ ಆಟ ಹಾಕಿಕೊಳ್ಳುವಂಥ ಫೋನು ಬಂದಿದ್ದವು. ಹುಡುಗರು ಅದರ ಮೇಲೆ ನೊಣದ ಹಾಗೆ ಮುಕುರುತ್ತಿದ್ದರು. ಆಡುವುದೇನು ದೊಡ್ಡದು, ಆಟವನ್ನೇ ಮಾಡ್ರಿ ಅಂದು ಸಮೀನಾ ತನ್ನದೇ ಕ್ಲಾಸು ಶುರುಮಾಡಿದಳು. ಒಂದು ಆಟವನ್ನು ಒಬ್ಬರೇ ಬರೆಯುವಂತಿಲ್ಲ. ಕುರಿ ಒಬ್ಬರದು, ನಾಯಿ ಒಬ್ಬರದು, ಬಸ್ಸು ಒಬ್ಬರದು. ಕೊನೆಗೆ ಎಲ್ಲ ಕೂಡಿಸಿ ಹೊಲಿಯಬೇಕು. ಕಂಪ್ಯೂಟರ್ ಮುಟ್ಟುವ ಮುಂಚೆ ಅಂಗಳದಲ್ಲಿ ಆಡಿ ತೋರಿಸಬೇಕು: ಒಬ್ಬ ಕುರಿಯಾಗಿ ಕೂರಬೇಕು, ಇನ್ನೊಬ್ಬ ಅವನಿಗೆ ಹುಕುಂ ಓದಬೇಕು, ಓದಿದ್ದಕ್ಕಿಂತ ಹೆಚ್ಚು ಕುರಿ ಒಂದು ಹೆಜ್ಜೆ ಇಡಬಾರದು. "ತಪ್ಪು ಆಗಲಿ, ಆದ್ರ ಕಣ್ಣಿಗೆ ಕಾಣೂಹಂಗ ಆಗಲಿ" ಎನ್ನುವುದು ಅವಳ ಮಾತು.

ಇಂಥ ಕ್ಲಾಸಿಗೆ ಜಾಗ ಯಾರು ಕೊಡುತ್ತಾರೆ? ಅರಿವೆ ಅಂಗಡಿಯ ಅಟ್ಟದಿಂದ ಹೊರಗೆ ಹಾಕಿದರು, ಹುಡುಗರು ಭಾಳ ನಗುತ್ತಾರೆ ಅಂತ. ಒಂದು ಸಾಲಿಯಿಂದ ಹೊರಗೆ ಹಾಕಿದರು, ಅಲ್ಲಿ ಮೊಬೈಲು ತರುವಂತಿಲ್ಲ ಅಂತ. ಮೂರನೆಯದು ನಮ್ಮ ಸಂಘಟನೆಯ ಖೋಲಿ. ಚಳವಳಿ ತಣ್ಣಗಾಗಿ ಅದರಲ್ಲಿ ಹಳೆ ಬ್ಯಾನರು, ಇಲಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಎರಡು ಹಳೆ ಕಂಪ್ಯೂಟರು ತಂದಿಟ್ಟಳು. ಇಲಿ ಓಡಿದವು, ಹುಡುಗರು ಬಂದರು.

ನಮ್ಮ ಅಮೋಘಸಿದ್ದಪ್ಪನಿಗೆ ಇದು ಸೇರಲಿಲ್ಲ. ಅವನು ಸಂಘಟನೆಯ ಅಧ್ಯಕ್ಷ. ಮೋರ್ಚಾದಲ್ಲಿ ಮೊಣಕಾಲಿಗೆ ಬಿದ್ದ ಏಟು ಇನ್ನೂ ಅವನ ನಡಿಗೆಯಲ್ಲಿದೆ.

"ಈ ಖೋಲಿ ಸಲುವಾಗಿ ಜೇಲಿಗೆ ಹೋಗಿ ಬಂದೇವಿ. ಹುಡುಗ್ರು ಮೊಬಾಯ್ಲ್ ಒತ್ತಲಿ ಅಂತಲ್ಲ," ಎಂದು ಸಭೆಯಲ್ಲಿ ಕೂಗಾಡಿದ. ಕಡೆಗೆ ತೀರ್ಮಾನವನ್ನೂ ಅವನೇ ಹೇಳಿದ: "ಬರೂ ಐತವಾರ ಎಲ್ಲಾರೂ ಕುಂದ್ರೂಣು. ಹುಡುಗ್ರು ಮಾಡಿದ ಆಟ ನಮ್ಮ ಮುಂದ ನಡದ್ರ ಖೋಲಿ ಅವರದು. ನಡೀಲಿಲ್ಲಂದ್ರ ಬಾಗಿಲಿಗೆ ಕೀಲಿ."

ಸಮೀನಾ ಒಪ್ಪಿಕೊಂಡಳು. ಆದರೆ ನಾಲ್ಕನೆಯ ಜಾಗ ಹುಡುಕುವ ಕಸುವು ಅವಳಲ್ಲಿ ಉಳಿದಿರಲಿಲ್ಲ, ಅದು ನನಗೆ ಗೊತ್ತಿತ್ತು. ಇಲ್ಲಿಂದ ಎದ್ದರೆ ಕ್ಲಾಸು ಮುಗಿಯಿತು, ಮತ್ತೆ ಮದುವೆ ಪತ್ರಿಕೆಯ ಟೈಪು. ಐತವಾರ ಬೆಳಿಗ್ಗೆ ನಾನು ಹೋದಾಗ ಒಂದು ಕಂಪ್ಯೂಟರ್ ಬಿಟ್ಟು ಉಳಿದ ವೈರುಗಳನ್ನೆಲ್ಲ ಸುತ್ತಿ ಚೀಲಕ್ಕೆ ತುಂಬಿಟ್ಟಿದ್ದಳು. ಎರಡು ಸಲ ಹೊರಬಿದ್ದವಳಿಗೆ ಗಂಟು ಕಟ್ಟುವುದು ರೂಢಿಯಾಗಿತ್ತು.

ಅಮೋಘಸಿದ್ದಪ್ಪ ಹೊಸ ಕೀಲಿ ಹಿಡಿದುಕೊಂಡೇ ಬಂದ, ಹಿತ್ತಾಳೆಯ ಬೀಗ. ಅದನ್ನು ಮೇಜಿನ ಮೇಲೆ ಠಕ್ಕನೆ ಇಟ್ಟು, ಸಮೀನಾಳ ಫೋನು ತೋಳಳತೆ ದೂರ ಹಿಡಿದು ನೋಡಿದ. ಪರದೆಯ ಮೇಲೆ ರಸ್ತೆ, ರಸ್ತೆಯ ನಡುವೆ ಕೂತ ಏಳು ಕುರಿ. ಮೂಗು ಗಿಣಿಯ ಮೂಗಿನ ಹಾಗೆ ಬಾಗಿದ್ದವು. ಮಾಡಗ್ಯಾಳದ ಕುರಿಗೆ ಮೂಗು ಇರುವುದೇ ಹಾಗೆ; ಆ ಊರಿನ ಹುಡುಗಿ ಉಮಾಶ್ರೀ ಬರೆದ ಕುರಿ, ಬೇರೆ ಹೇಗೆ ಇದ್ದಾವು? ಗುಂಡಿ ಒತ್ತಿದರೆ ನಾಯಿ ಬೊಗಳಬೇಕು, ಕುರಿ ಏಳಬೇಕು, ಬಸ್ಸು ಬರುವುದರೊಳಗೆ ರಸ್ತೆ ದಾಟಿಸಬೇಕು.

ಗುಂಡಿ ಒತ್ತಿದ. ನಾಯಿ ಬೊಗಳಿತು. ಒಂದು ಕುರಿ ಎದ್ದು ನಿಂತಿತು. ಉಳಿದ ಆರು ಮಾಯ.

ಮತ್ತೆ ಶುರುಮಾಡಿ ಒತ್ತಿದ. ಮತ್ತೆ ಒಂದು ಕುರಿ ನಿಂತಿತು, ಆರು ಮಾಯ.

"ಭಲೇ!" ಎಂದ ಅಮೋಘಸಿದ್ದಪ್ಪ. "ನಮ್ಮ ಮೋರ್ಚಾ ಇದ್ದಂಗ ಐತಿ ನೋಡ್ರಪಾ. 'ಏಳ್ರಿ' ಅಂದ ಕೂಡ್ಲೆ ಒಬ್ಬನ ನಿಂತಾನ, ಉಳದವ್ರು ಎತ್ತ ಹೋದ್ರೋ ಪತ್ತೇನ ಇಲ್ಲ!"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಗಬಾರದಿತ್ತು. ಉಮಾಶ್ರೀಯ ಕಣ್ಣು ತುಂಬಿದ್ದವು. ಹಿಂಡಿನ ಲೆಕ್ಕ, ಬಸ್ಸು ಬರೆದವನು ತೌಫೀಕ. ಎಲ್ಲರ ಭಾಗ ಕೂಡಿಸಿದವನೂ ಅವನೇ, ಅದೂ ಅವತ್ತು ಬೆಳಿಗ್ಗೆಯೇ.

"ನನ್ನ ಕುರಿ ಬರೋಬರಿ ಎದ್ದೈತಿ. ನೀನ ಆರು ಕುರಿ ಕಳದಿ," ಎಂದು ಅವಳು ಅವನ ಮೇಲೆ ಹಾಯ್ದಳು.

"ನಾ ಪೂರಾ ಹಿಂಡು ಕೊಟ್ಟೇನಿ. ಕಾಯಾಕ ಬರದಿದ್ರ ನಾ ಏನ್ ಮಾಡ್ಲಿ?"

ಅಮೋಘಸಿದ್ದಪ್ಪನ ಕೈ ಕೀಲಿಯ ಕಡೆಗೆ ಹೋಯಿತು. ಸಮೀನಾ ಮೇಜಿಗೂ ಅವನಿಗೂ ನಡುವೆ ಬಂದು ನಿಂತಳು.

"ಕಾಕಾ, ಕೀಲಿ ಎಲ್ಲೂ ಓಡಿಹೋಗೂದಿಲ್ಲ. ಅದಕ್ಕಿಂತ ಮೊದಲ ಎಲ್ಲಾರೂ ಅಂಗಳಕ್ಕ ಬರ್ರಿ. ನೀವು ಕುರಿ ಆಗ್ರಿ."

"ನಾ ಕುರಿ?"

"ಆರಿಸಿ ಬಂದವ್ರು ಇಷ್ಟ್ ವರ್ಷ ನಿಮ್ಮನ್ನ ಕುರಿ ಮಾಡ್ಯಾರಲ್ರಿ. ಇವತ್ತೊಂದ್ ದಿನ ನಾ ಮಾಡ್ತೀನಿ."

ಅಮೋಘಸಿದ್ದಪ್ಪ ಕುಂಟುತ್ತ ಬಂದು ಮಣ್ಣಿನ ಮೇಲೆ ಕೂತ. ಅವನ ಬೆನ್ನಿಗೆ ನಾವು ಆರು ಜನ. ಧೋತರ, ಟೋಪಿ, ಬಿಳಿ ಮೀಸೆಯ ಕುರಿ ಹಿಂಡು. ತೌಫೀಕ, ಉಮಾಶ್ರೀ ತಾವು ಬರೆದ ಸಾಲುಗಳ ಹಾಳೆ ಹಿಡಿದು ನಿಂತರು.

"ಬರದದ್ದಷ್ಟ ಓದ್ರಿ. ಮನಸಿನ್ಯಾಗಿಂದು ಸೇರಸಬ್ಯಾಡ್ರಿ," ಎಂದಳು ಸಮೀನಾ.

ತೌಫೀಕ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದ: "ಹಿಂಡಿನ ಕುರಿ... ಏಳು."

ಅಮೋಘಸಿದ್ದಪ್ಪ ಮೊಣಕಾಲಿಗೆ ಕೈ ಊರಿ, ಅಯ್ಯಯ್ಯೋ ಅನ್ನುತ್ತ ಎದ್ದು ನಿಂತ. ನಿಂತವನೇ ಹುಡುಗನನ್ನು ದುರುಗುಟ್ಟಿ ನೋಡಿದ.

"ಏನಲೇ, ಹಿರ್ಯಾರಿಗೆ 'ಏಳು' ಅಂತೀ? 'ಏಳ್ರಿ' ಅನ್ನಾಕ ನಿನ್ನ ಬಾಯಿಗೇನ್ ಬ್ಯಾನಿ ಆಗೈತಿ?"

"ಅಜ್ಜಾ, ನಿಮಗ ಎದ್ದು ನಿಲ್ರಿ ಅನ್ನಲಿಲ್ಲರಿ! ಐದು, ಆರು, ಏಳು... ಆ ಏಳು!"

ನಾವು ನಗಲು ಬಾಯಿ ತೆರೆದಿದ್ದೆವು. ಸಮೀನಾ ಕೈ ಎತ್ತಿ ತಡೆದಳು. ಉಮಾಶ್ರೀ ತನ್ನ ಹಾಳೆಯನ್ನೇ ನೋಡುತ್ತಿದ್ದಳು.

"ಅಕ್ಕಾ," ಎಂದಳು ಮೆಲ್ಲಗೆ, "ನಂದರಾಗೂ 'ಏಳು' ಅಂತ ಹೆಸರೈತಿ."

ಅಷ್ಟೇ ಆಗಿತ್ತು. ಪ್ರೋಗ್ರಾಮಿನಲ್ಲಿ ಹೆಸರು ಅಂದರೆ ಡಬ್ಬಿ ಇದ್ದ ಹಾಗೆ, ಒಂದು ಡಬ್ಬಿಯೊಳಗೆ ಒಂದು ಅಂಕಿ. ಕುರಿ ಏಳು ಇವೆಯೆಂದು ತೌಫೀಕ ತನ್ನ ಡಬ್ಬಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಏಳು' ಅಂತ ಬರೆದು, ಒಳಗೆ ಏಳನ್ನು ಇಟ್ಟಿದ್ದ. ಕುರಿ ಎದ್ದೇಳಬೇಕೋ ಬೇಡವೋ ಎಂದು ತಿಳಿಸುವ ಡಬ್ಬಿಗೆ ಉಮಾಶ್ರೀಯೂ 'ಏಳು' ಅಂತ ಬರೆದಿದ್ದಳು. ಅದರಲ್ಲಿ ಸೊನ್ನೆ ಇದ್ದರೆ ಕೂತಿರು, ಒಂದು ಇದ್ದರೆ ಏಳು. ಎರಡನ್ನೂ ಕೂಡಿಸಿದಾಗ ಎರಡೂ ಒಂದೇ ಡಬ್ಬಿಯಾದವು. ನಾಯಿ ಬೊಗಳಿದ ಕೂಡಲೇ ಡಬ್ಬಿಗೆ ಒಂದು ಬಿತ್ತು. ಕುರಿ ಎದ್ದಿತು, ಹಿಂಡಿನ ಲೆಕ್ಕವೂ ಒಂದಕ್ಕೆ ಇಳಿಯಿತು.

"ಮಷೀನು ಹೇಳಲಿಲ್ಲೇನೋ?" ಎಂದು ಸಮೀನಾ ಕೇಳಿದಳು.

ತೌಫೀಕ ಕಿವಿ ಕೆರೆದುಕೊಂಡ. "ಒಂದ ಹೆಸರು ಎರಡ್ ಸಲ ಬಂದೈತಿ ಅಂತ ಬೈತಿತ್ತು ಆಪಾ. ಇಕಿದು ಒಂದ್ ಸಾಲು ಅಳಿಸಿದೆ. ಬೈಯೂದು ನಿಂತಿತು."

"ಬಾಯಿ ಮುಚ್ಚಿಸಿದ್ರ ತಕರಾರು ಮುಗೀತೇನು?"

ಅಮೋಘಸಿದ್ದಪ್ಪ ಅವಳ ಕಡೆ ತಿರುಗಿ ನೋಡಿದ. ಇಂಥ ಮಾತನ್ನು ಅವನು ಲಾಠಿಯವರ ಮುಂದೆ ನಿಂತು ಹೇಳಿದ್ದುಂಟು.

ಸಮೀನಾ ಕೀಬೋರ್ಡು ಮುಟ್ಟಲಿಲ್ಲ. ಹುಡುಗರೇ ಕೂತರು. ತೌಫೀಕ ತನ್ನ ಡಬ್ಬಿಗೆ 'ಕುರಿ ಎಷ್ಟು' ಅಂತ ಹೆಸರು ಬದಲಿಸಿದ. ಅಳಿಸಿದ ಸಾಲನ್ನು ಉಮಾಶ್ರೀ ಮತ್ತೆ ಬರೆದು, ಹೊಸ ಹೆಸರಿಗೆ ತಡಕಾಡುತ್ತಿದ್ದಳು.

"'ಏಳ್ರಿ' ಅಂತ ಇಡವ್ವಾ," ಎಂದ ಅಮೋಘಸಿದ್ದಪ್ಪ ಅವಳ ಹಿಂದಿನಿಂದ. "ಕುರಿ ಆದ್ರೇನಾತು, ಮರ್ಯಾದಿ ಕೊಟ್ರ ಎಲ್ಲಾ ಕೂಡಿ ಏಳತಾವು."

ಹಾಗೇ ಇಟ್ಟಳು. ಆಟವನ್ನು ಮತ್ತೆ ವೈರಿನಲ್ಲಿ ಫೋನಿಗೆ ಇಳಿಸಿದರು. ಸಮೀನಾ ಅದನ್ನು ಅಮೋಘಸಿದ್ದಪ್ಪನ ಕೈಗೆ ಕೊಟ್ಟಳು. ಗುಂಡಿ ಒತ್ತಿದ. ನಾಯಿ ಬೊಗಳಿತು. ಏಳಕ್ಕೆ ಏಳೂ ಕುರಿ ಎದ್ದು, ಬಾಗಿದ ಮೂಗು ಮುಂದೆ ಮಾಡಿಕೊಂಡು ರಸ್ತೆ ದಾಟತೊಡಗಿದವು. ಹುಡುಗರು ಹೋ ಎಂದರು. ಅಷ್ಟರಲ್ಲಿ ಬಸ್ಸು ಬಂದು ಕೊನೆಯ ಕುರಿಗೆ ಗುದ್ದಿತು.

"ಈ ಬಸ್ಸು ಬರದಾವ್ ಯಾವನಲೇ? ಬಸ್‌ಸ್ಟ್ಯಾಂಡಿನ್ಯಾಗ ಕಾದ್ರ ಬರೂದಿಲ್ಲ, ಇಲ್ಲಿ ಮಾತ್ರ ಇಷ್ಟು ಲಗೂನ ಬರತೈತಿ!" ಎಂದು ಅಮೋಘಸಿದ್ದಪ್ಪ ತೌಫೀಕನಿಗೆ ಬೈದ. ಬೈಯುತ್ತಲೇ ಮತ್ತೆ ಶುರುಮಾಡಿದ.

ಆಮೇಲೆ ಸಭೆ ನಡೆಯಲೇ ಇಲ್ಲ. ಯಾರೂ ಕೈ ಎತ್ತಲಿಲ್ಲ, ಯಾರೂ ಠರಾವು ಬರೆಯಲಿಲ್ಲ. ಎಲ್ಲರೂ ಫೋನಿನ ಸುತ್ತ ತಲೆ ಹಾಕಿ ನಿಂತಿದ್ದೆವು. ಏಳೂ ಕುರಿ ದಾಟಿಸಿ ಗೆದ್ದ ಮೇಲೆಯೇ ಅಮೋಘಸಿದ್ದಪ್ಪನಿಗೆ ಮೇಜಿನ ಮೇಲಿನ ಕೀಲಿ ನೆನಪಾಯಿತು. ಎತ್ತಿಕೊಂಡು ಎರಡು ಸಲ ಹೊರಳಿಸಿ ನೋಡಿದ.

"ಹೊಸಾದು ಐತಿ," ಎಂದ. "ಕಂಪ್ಯೂಟರ್ ಇಡಾಕ ಒಂದ್ ಕಪಾಟ ತರೂಣು. ಅದಕ್ಕ ಹಾಕ್ ತಂಗಿ. ಈ ಊರಾಗ ಕಳ್ಳರು ಭಾಳ ಅದಾರ."

ಕೀಲಿ, ಕೀಲಿಕೈ ಎರಡನ್ನೂ ಅವಳ ಅಂಗೈಯಲ್ಲಿಟ್ಟ. ಸಮೀನಾ ಗೋಡೆಗೆ ಬೆನ್ನು ಹಚ್ಚಿ ಹಾಗೇ ಕೆಳಗೆ ಕೂತಳು. ಬಾಯ ಮೇಲೆ ಸೆರಗು ಒತ್ತಿಕೊಂಡು ನಕ್ಕಳು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಏಳ್ರಿ ಅಕ್ಕಾರ," ಎಂದಳು ಉಮಾಶ್ರೀ, ರಿ ಅನ್ನುವುದನ್ನು ಎಳೆದು.

ಸಮೀನಾ ಎದ್ದಳು. ಮೂಲೆಯಲ್ಲಿದ್ದ ಚೀಲ ಬಿಚ್ಚಿ, ವೈರುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಎರಡನೆಯ ಕಂಪ್ಯೂಟರಿಗೆ ಜೋಡಿಸತೊಡಗಿದಳು.